ಗವಿ ಹೋಟೆಲಿನ ಸಾಂಬಾರು

ಅಕ್ಕಸಾಲಿಗನ ಹೆಂಡತಿಯ ಕಿವಿಯಲ್ಲಿ ಕಡ್ಡಿ, ಹೋಟೆಲಿನವನ ಹೆಂಡತಿಯ ತಟ್ಟೆಯಲ್ಲಿ ತಂಗಳು. ಇದು ಗಾದೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಅಲ್ಲದಿದ್ದರೆ ಇವತ್ತಿನಿಂದ ಆಗಲಿ. ನಾನು ಎರಡನೇ ಕ್ಲಾಸಿಗೆ ಸ್ಲೇಟು ಇಟ್ಟವಳು, ಗಾದೆ ಕಟ್ಟುವಷ್ಟು ಓದಿಲ್ಲ. ಆದರೆ ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತಿದ್ದೇನೆ. ಎಷ್ಟು ಜನಕ್ಕೆ ಉಣ್ಣಲು ಹಾಕಿದ್ದೇನೆಂದು ದೇವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಒಂದು ಹೋಟೆಲಿಗೆ ಹೋಗಿ, ಕುರ್ಚಿಯ ಮೇಲೆ ಕೂತು, 'ಏನು ಬೇಕು?' ಎಂದು ಒಬ್ಬರಿಂದ ಕೇಳಿಸಿಕೊಂಡು, ತಿಂದು, ದುಡ್ಡು ಕೊಟ್ಟು, 'ಅಷ್ಟೇನೂ ಚೆನ್ನಾಗಿಲ್ಲ' ಎಂದು ಮುಖ ಸಿಂಡರಿಸಿಕೊಂಡು ಎದ್ದು ಬರುವ ಸುಖ ಮಾತ್ರ ನನಗೆ ಸಿಕ್ಕಿರಲಿಲ್ಲ. ಕಳೆದ ತಿಂಗಳು ಮೊಮ್ಮಗಳು ಪೂರ್ವಾ ನನ್ನನ್ನು ನಾಸಿಕದ ಹೊರಗಿನ ಒಂದು ಥೀಮ್ ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಹಡಗಿನ ಆಕಾರದ ಒಂದು ಹೋಟೆಲು. ಸುತ್ತ ಹತ್ತು ಹರದಾರಿಯಲ್ಲಿ ಸಮುದ್ರದ ಸುಳಿವಿಲ್ಲ, ಹಡಗು ಮಾತ್ರ ಇದೆ. ಒಳಗೆ ಕೂತು ಪುಸ್ತಕದಷ್ಟು ದಪ್ಪದ ಮೆನು ಬಿಡಿಸಿದ ಪೂರ್ವಾ ಬೆಲೆ ನೋಡಿ ಕಣ್ಣು ಅಗಲ ಮಾಡಿ ಕೇಳಿದಳು, "ಅಜ್ಜಿ, ಏವಢೇ ಪೈಸೆ ದ್ಯಾಯಲಾ ಪರವಡತಂ ಕಾ?" ಇಷ್ಟು ದುಡ್ಡು ಸುರಿಯುವುದು ಗಿಟ್ಟುತ್ತದೆಯೇ ಎಂದು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ಉತ್ತರ ತಿಳಿದಿತ್ತು, ಬಾಯಿಗೆ ಬರಲಿಲ್ಲ. ಏಕೆಂದರೆ ಆ ಉತ್ತರ ಹೇಳಬೇಕಾದರೆ ಐವತ್ತು ವರ್ಷ ಹಿಂದಿನ ಒಂದು ಸಾಂಬಾರಿನಿಂದ ಶುರು ಮಾಡಬೇಕು.

ಆಗ ನಮ್ಮ ಹೋಟೆಲು ನಾಸಿಕ್ ರೋಡಿನಲ್ಲಿ, ರೈಲ್ವೆ ಸ್ಟೇಷನ್ನಿನ ಎದುರು. ಆರು ಮೇಜು, ಒಂದು ಕನ್ನಡಿ, ಕನ್ನಡಿಯ ಮೇಲೊಂದು ಗಣಪತಿ ಪಟ. ಇಂಜಿನ್ನು ಆಗ ಕಲ್ಲಿದ್ದಲಿನದು. ಗಾಡಿ ಬಂತೆಂದರೆ ನಮ್ಮ ಬಿಳಿ ಚಟ್ನಿಗೆ ಕರಿಯ ಒಗ್ಗರಣೆ ಬೀಳುತ್ತಿತ್ತು, ಮೇಲೆ ತಟ್ಟೆ ಮುಚ್ಚಬೇಕು. ಟಾಂಗಾದವರು ಬೆಳಗಿನ ಚಹಾಕ್ಕೆ, ಸರ್ಕಾರಿ ನೋಟು ಅಚ್ಚು ಹಾಕುವ ಪ್ರೆಸ್ಸಿನ ಕೆಲಸಗಾರರು ಪಾಳಿ ಮುಗಿಸಿ ಇಡ್ಲಿಗೆ, ಗೋದಾವರಿಯಲ್ಲಿ ಮುಳುಗಿ ಪಂಚವಟಿಯಿಂದ ಬರುವ ಯಾತ್ರಿಕರು ಒದ್ದೆ ಪಂಚೆಯಲ್ಲೇ ಊಟಕ್ಕೆ. ಗಲ್ಲಾದ ಮೇಲೆ ನಮ್ಮವರು ಕೂತು ಒಳಗೆ ಕೂಗಿ ಹೇಳುತ್ತಿದ್ದರು. ನಮ್ಮವರು ಅಂದರೆ ನನ್ನ ಗಂಡ. ಹೆಸರು ಹೇಳಿ ರೂಢಿಯಿಲ್ಲ, ಈಗ ಅವರು ಇಲ್ಲದಾಗ ಹೇಳಿ ಏನು ಉಪಕಾರ? ಅವರ ಗಂಟಲು ದೊಡ್ಡದು. 'ದೋ ಇಡ್ಲಿ, ಸಾಂಬಾರ್ ಅಲಗ್' ಎಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೂ ಹಸಿವಾಗಬೇಕು. ಆ ಕೂಗು ಒಂದನ್ನು ಬಿಟ್ಟು ಆ ಕಾಲದ್ದು ನನಗೇನೂ ವಾಪಸು ಬೇಡ. ಹೊಗೆಯಂತೂ ಬೇಡವೇ ಬೇಡ.

ಅವರಲ್ಲಿ ಒಂದು ದುರ್ಗುಣವಿತ್ತು. ಅಡುಗೆ ಮಾಡಿದವರನ್ನು ಹೊಗಳುತ್ತಿರಲಿಲ್ಲ. ಇದು ಅವರೊಬ್ಬರದಲ್ಲ, ಹೋಟೆಲಿನ ಕಸುಬಿನದೇ ಕಟ್ಟಳೆ. ಇವತ್ತು ಅಡುಗೆಯವನಿಗೆ 'ಚೆನ್ನಾಗಿದೆ' ಎಂದರೆ ನಾಳೆ ಅವನು ಸಂಬಳ ಹೆಚ್ಚು ಮಾಡಿ ಎನ್ನುತ್ತಾನೆ. ಗಿರಾಕಿಗಳ ಎದುರು ಹೊಗಳಿದರೆ ನಾಡಿದ್ದು ಎದುರು ಹೋಟೆಲಿನವನು ಅವನನ್ನು ಹಾರಿಸಿಕೊಂಡು ಹೋಗುತ್ತಾನೆ. ಹಾಗಾಗಿ ಯಜಮಾನನಾದವನು ರುಚಿ ನೋಡಬೇಕು, ತಲೆ ಅಲ್ಲಾಡಿಸಬಾರದು. ಸರಿ, ಅಡುಗೆಯವನ ಮಟ್ಟಿಗೆ ಒಪ್ಪಿದೆ. ನಾನು ಹೆಂಡತಿ. ನಾನು ಯಾವ ಸಂಬಳ ಕೇಳಲಿಕ್ಕಿತ್ತು? ನನ್ನನ್ನು ಯಾರು ಹಾರಿಸಿಕೊಂಡು ಹೋಗಲಿಕ್ಕಿತ್ತು? ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ನನ್ನ ಸಾಂಬಾರಿಗೆ ಅವರಿಂದ ಬಂದ ಅತಿ ದೊಡ್ಡ ಬಿರುದೆಂದರೆ 'ಹ್ಞೂಂ, ಆತ್ತ್' ಎಂಬುದು. ಆಗುತ್ತದೆ, ಅಷ್ಟೆ.

ಹಾಗಿರುವಾಗ ಪಕ್ಕದ ಮನೆಯ ಕಮಲಾಬಾಯಿ ಎಲ್ಲೋರಾ ನೋಡಿಕೊಂಡು ಬಂದಳು. ಅವಳು ಬೀದರ್ ಕಡೆಯವಳು, ಗಂಡ ಪ್ರೆಸ್ಸಿನಲ್ಲಿ ನೌಕರ. ಎಲ್ಲೋರಾದ ಕಲ್ಲಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅಲ್ಲಿಗೆ ಎರಡು ಮೈಲಿ ಈಚೆ, ಖುಲ್ತಾಬಾದಿನ ರಸ್ತೆಯಲ್ಲಿ ಯಾರೋ ಬೊಂಬಾಯಿಯವನು ಹೊಸದಾಗಿ ಒಂದು ಆಟದ ತೋಟ ಮಾಡಿದ್ದಾನೆ, ಅದರೊಳಗೆ ಗವಿಯ ಹಾಗೆ ಕಟ್ಟಿದ ಹೋಟೆಲಿದೆ, ಅದೇ ಮಾತು. "ಏನ್ ಹೇಳ್ಲಿರಿ ಅಕ್ಕಾ, ಒಳಗ ಕುಂತ್ರ ನಾವ ಬಾದಶಹಾ ಆದಂಗ ಆಗ್ತದ್ರಿ. ಸಿಪಾಯಿ ವೇಷದಾಗ ಬಂದು ಬಗ್ಗಿ ನಿಂತು ಏನ್ ತರ್ಲಿ ಅಂತ ಕೇಳ್ತಾರ್ರಿ! ಕೈಲಾಸ ಗುಡಿ ಆಕಾರದ ಐಸ್‌ಕ್ರೀಮ್ ಕೊಡ್ತಾರ, ಗೋಪುರ ಮೊದ್ಲ ತಿನ್ನಬೇಕೋ ಬುಡ ಮೊದ್ಲ ತಿನ್ನಬೇಕೋ ತಿಳ್ಯಂಗಿಲ್ಲ. ನೀವು ಹೋಟೆಲ್ದವರು, ನಿಮಗೇನ್ರಿ, ದಿನಾ ಹೋಟೆಲ್ ಊಟ." ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ದಿನಾ ಹೋಟೆಲ್ ಊಟವಂತೆ! ಎಲ್ಲರದೂ ಆದ ಮೇಲೆ ಪಾತ್ರೆಯ ತಳಕ್ಕೆ ಅಂಟಿದ್ದು ನನ್ನ ಊಟ. ಆ ಗವಿಯಲ್ಲಿ ಕೂತು, ಬಗ್ಗಿ ನಿಂತವನ ಹತ್ತಿರ 'ಕೈಲಾಸ ತಾ' ಎಂದು ಹೇಳದೆ ನಾನು ಸಾಯುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ಹೋಟೆಲಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಆದರೆ ವರ್ಷಕ್ಕೊಮ್ಮೆ ಒಲೆಯ ಭಟ್ಟಿ ಒಡೆದು ಹೊಸದಾಗಿ ಕಟ್ಟಬೇಕು. ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದ ಮೇಲೆ ಅದು ಒಣಗಲು ಎರಡು ದಿನ ಬೇಕು. ನಮ್ಮ ರಜೆಯೆಂದರೆ ಆ ಮಣ್ಣಿನ ಹಸಿ ಆರುವಷ್ಟು ಹೊತ್ತು. ಆ ವರ್ಷ ಭಟ್ಟಿ ಮೆತ್ತಿದ ಸಂಜೆಯೇ ನಾನು ಎಲ್ಲೋರಾದ ಪಕ್ಕದ ಘೃಷ್ಣೇಶ್ವರನಿಗೆ ಹರಕೆ ಇದೆ ಎಂದೆ. ಇರಲಿಲ್ಲ. ಆದರೆ ದೇವರ ಹೆಸರು ಹೇಳದೆ ಅವರನ್ನು ಗಲ್ಲಾದಿಂದ ಎಬ್ಬಿಸುವುದು ಸಾಧ್ಯವಿರಲಿಲ್ಲ. ಬೆಳಗ್ಗೆ ಕೆಂಪು ಬಸ್ಸು ಹತ್ತಿದೆವು. ಯೇವಲಾ ಬಂದಾಗ ಅವರು ಕಿಟಕಿಯಿಂದ ಸೀರೆ ಅಂಗಡಿ ಕಾಣದ ಹಾಗೆ ಅಡ್ಡ ಕೂತರು. ವೈಜಾಪುರದಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಡಿಸಿದರು, ಸುಲಿದು ಬೀಜ ಬೀಜ ನನ್ನ ಕೈಗೆ ಹಾಕಿದರು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಆಗ ಔರಂಗಾಬಾದ್, ಅಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ನಾನು ಗವಿ ಹೋಟೆಲಿನ ಆಸೆ ಬಾಯಿಬಿಟ್ಟು ಹೇಳಿ, ಕರಾರು ಹಾಕಿದೆ. "ಹ್ವಾಯ್, ಕಾಣಿ, ಆ ಹೋಟ್ಲಗೆ ಹೋಯಿ ಅಡ್ಗಿಮನಿ ಬದಿಗೆ ಇಣ್ಕುಕಿಲ್ಲೆ. ನಾವ್ ಹೋಟ್ಲಿನವ್ರ್ ಅಂತ ಹೇಳುಕಿಲ್ಲೆ. ಕನ್ನಡವಂತೂ ಮಾತಾಡುಕೇ ಇಲ್ಲೆ." ಅವರು ನಕ್ಕು, "ಆಯ್ತ್ ಮಾರಾಯ್ತಿ. ನಾನ್ ಮೂಗನ್ ಆತೆ. ನಿನ್ನ ಬಾಯ್ ನೀ ಕಾಣ್ಕೋ" ಎಂದರು.

ಈ ಕರಾರು ಯಾಕೆಂದು ಹೇಳಬೇಕು. ಊರು ಯಾವುದೇ ಇರಲಿ, ಇಡ್ಲಿ ಬೇಯುವಲ್ಲಿ ನಮ್ಮ ಉಡುಪಿ, ಕುಂದಾಪುರ ಕಡೆಯವರು ಒಬ್ಬರಾದರೂ ಇರುತ್ತಾರೆ. ಹೋಟೆಲಿನವರಿಗೆ ಹೋಟೆಲಿನವರು ಗುರುತು ಸಿಕ್ಕರೆ ಮುಗಿಯಿತು. ಹೊರಗೆ ಕೂರಲು ಬಿಡುವುದಿಲ್ಲ. 'ನೀವು ಗಿರಾಕಿಗಳಾ?' ಎಂದು ಕೈಹಿಡಿದು ಅಡುಗೆಮನೆಗೆ ಎಳೆದು, ಕೆಲಸದವರು ಉಣ್ಣುವ ಗಂಜಿಯನ್ನೇ ಪ್ರೀತಿಯಿಂದ ಬಡಿಸುತ್ತಾರೆ. ದುಡ್ಡು ತೆಗೆದರೆ ಕಪಾಳಕ್ಕೆ ಹೊಡೆದವರ ಹಾಗೆ ನೋಡುತ್ತಾರೆ. ಮನಮಾಡಿನಲ್ಲಿ ಹಾಗಾಯಿತು, ಪುಣೆಯಲ್ಲಿ ಹಾಗಾಯಿತು. ಪುಣೆಯಲ್ಲಿ ಹಲ್ವ ತಿನ್ನಬೇಕೆಂದು ಹೋಗಿ ಮಜ್ಜಿಗೆ ಅನ್ನ ಉಂಡು ಬಂದಿದ್ದೆ. ಗೌರವದಿಂದ ಹೊಟ್ಟೆ ತುಂಬುತ್ತದೆ, ಆಸೆ ತುಂಬುವುದಿಲ್ಲ.

ದೇವರ ದರ್ಶನ ಬೇಗ ಮುಗಿಸಿದೆ, ದೇವರು ಕ್ಷಮಿಸಲಿ. ಆಮೇಲೆ ಆ ತೋಟ. ಪ್ಲಾಸ್ಟರಿನ ಆನೆಗಳು ಸೊಂಡಿಲಿನಿಂದ ನೀರು ಉಗುಳುತ್ತಿದ್ದವು. ಕೊಳದಲ್ಲಿ ಹಂಸದ ದೋಣಿ. ಒಂದು ಆಟದ ರೈಲು. ದಿನವಿಡೀ ರೈಲಿನ ಹೊಗೆ ಕುಡಿಯುವ ನಾವು ಅದಕ್ಕೂ ಟಿಕೀಟು ತೆಗೆದು ಹತ್ತಿದೆವು, ನಮ್ಮವರು ಬಗ್ಗಿ ಬಗ್ಗಿ ಇಂಜಿನ್ನು ನೋಡಿದರು. ಕೊನೆಗೆ ಗವಿ. ಬಾಗಿಲಲ್ಲಿ ದಪ್ಪ ಕಂಬ, ಒಳಗೆ ಬಣ್ಣದ ದೀಪ. ಸಿನೆಮಾದವರು ಬಿಟ್ಟುಹೋದ ಸೆಟ್ಟಿನಿಂದ ಮಾಡಿದ್ದಂತೆ. ಎರಡು ಮೈಲಿ ಆಚೆ ನಿಜವಾದ ಗವಿ ಸಾವಿರ ವರ್ಷದಿಂದ ಬಾಯಿ ತೆರೆದುಕೊಂಡು ಕೂತಿದೆ, ಜನ ಇಲ್ಲಿ ಸುಳ್ಳು ಗವಿಯ ಮುಂದೆ ಸಾಲು ನಿಂತಿದ್ದಾರೆ. ನಾನೂ ನಿಂತೆ. ನಿಜದ ಗವಿಯಲ್ಲಿ ಯಾರಾದರೂ 'ಏನು ತರಲಿ' ಎಂದು ಕೇಳುತ್ತಾರೆಯೇ?

ಕುರ್ಚಿಯ ಕೈಗಳು ಸಿಂಹದ ಮುಖದವು. ಎರಡು ಸಿಂಹಗಳ ತಲೆ ಮೇಲೆ ಕೈಯಿಟ್ಟು ಕೂತೆ. ರೇಷ್ಮೆ ಸೀರೆ ಉಟ್ಟಿದ್ದೆ, ಮಲ್ಲಿಗೆ ಮುಡಿದಿದ್ದೆ. ಮೆನು ಇಂಗ್ಲಿಷಿನಲ್ಲಿತ್ತು. ನಮ್ಮವರಿಗೆ ಅಂಕಿ ಮಾತ್ರ ಬರುವುದರಿಂದ ಬಲಗಡೆ ಮಾತ್ರ ಓದಿ ಬೆವರು ಒರೆಸಿಕೊಂಡರು. ನಮ್ಮಲ್ಲಿ ನಾಲ್ಕಾಣೆಯ ಇಡ್ಲಿ ಅಲ್ಲಿ ಒಂದೂವರೆ ರೂಪಾಯಿ. ಆದರೂ ಅವರು ಕರಾರು ಮುರಿಯಲಿಲ್ಲ, ಹಿಂದಿಯಲ್ಲೇ ಎರಡು ಇಡ್ಲಿ ಸಾಂಬಾರು ಹೇಳಿ, ನನ್ನ ಕಡೆ ನೋಡಿ, "ಔರ್ ಏಕ್ ಕೈಲಾಸ್" ಎಂದರು. ನನಗೆ ಆಗ ಅವರ ಮೇಲೆ ಸ್ವಲ್ಪ ಪ್ರೀತಿ ಬಂತು. ಅಷ್ಟರಲ್ಲಿ ಸಿಪಾಯಿ ವೇಷದ ಇನ್ನೊಬ್ಬ ನೀರು ತಂದ. ನಾಲ್ಕು ಲೋಟ, ನಾಲ್ಕರೊಳಗೂ ನಾಲ್ಕು ಬೆರಳು ಅದ್ದಿ, ಒಂದೇ ಕೈಯಲ್ಲಿ ಎತ್ತಿಕೊಂಡು. ನಮ್ಮ ಹೋಟೆಲಿನಲ್ಲಿ ಹೀಗೆ ನೀರು ತಂದವನಿಗೆ ಅವತ್ತು ಊಟವಿಲ್ಲ. ಬೈಗುಳ ಎಂಬುದು ಸಾಲ ತಂದ ಭಾಷೆಯಲ್ಲಿ ಬರುವುದಿಲ್ಲ. "ಏ ಮಾರಾಯಾ, ಬೆರಳ್ ತೆಗಿ! ಅದೆಂತ ಕುಡುಕೆ ತಂದ ನೀರಾ, ಕೈ ತೊಳುಕೆ ತಂದದ್ದಾ?" ಎಂದು ಕೂಗಿಯೇ ಬಿಟ್ಟೆ. ಗವಿಯಲ್ಲವೇ, ನನ್ನ ಮಾತು ಕಂಬದಿಂದ ಕಂಬಕ್ಕೆ ಬಡಿದು ಮೂರು ಸಲ ಕೇಳಿಸಿತು. ನಮ್ಮವರು ಕಣ್ಣು ಮುಚ್ಚಿಕೊಂಡರು.

ಹಿಂದಿನ ಗೋಡೆಯ ಪರದೆ ಸರಿಯಿತು. ಸೌಟು ಹಿಡಿದ, ಬೆವರಿನಲ್ಲಿ ಮಿಂದ ಒಬ್ಬ ಮನುಷ್ಯ ಓಡಿಬಂದ. "ಹ್ವಾಯ್! ಯಾರದ್? ಕುಂದಾಪ್ರ ಬದಿಯವ್ರಾ?" ಕೋಟೇಶ್ವರದ ಹತ್ತಿರದವನು, ಹೆಸರು ಸೀನಣ್ಣ, ಆ ಹೋಟೆಲಿನ ಅಡುಗೆಯವನು. ನಮ್ಮ ಊರು, ಮನೆ, ನಾಸಿಕ್ ರೋಡಿನ ಹೋಟೆಲು ಎಲ್ಲ ಎರಡು ನಿಮಿಷದಲ್ಲಿ ಹೊರಬಿತ್ತು. "ಹೋಟ್ಲಿನವ್ರ್ ಆಯಿ ಇಲ್ಲ್ ಕೂಕಂಬುದಾ? ಇದೆಲ್ಲ ಸೋಗ್ ಅಕ್ಕಾ, ಗಿರಾಕಿಗೆ. ಬನಿ ಒಳಗೆ!" ನಾನು ಸಿಂಹಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಇಲ್ಲೆ ಸೀನಣ್ಣ, ನಾವ್ ಆರ್ಡರ್ ಕೊಟ್ಟಾಯ್ತ್. ಕೈಲಾಸ ಬಪ್ಪುಕಿತ್ತ್." ಅವನು ಧ್ವನಿ ಇಳಿಸಿದ. "ಅದನ್ ತಿಂಬ್ಯಾಡಿ. ಹೋದ ವಾರದ್ದ್. ದಿನಾ ಗೋಪುರ ಮಾತ್ರ ಹೊಸತ್ ಮಾಡಿ ಕೂರ್‍ಸುದ್." ನನ್ನ ಕೈಲಾಸ ಅಲ್ಲಿಗೇ ಕರಗಿತು. ನಮ್ಮವರು ಮಾತ್ರ ಏಳಲಿಲ್ಲ. "ಇಡ್ಲಿ ಹೇಳಿ ಆಯ್ತಲ್ಲ, ಒಬ್ರಾದ್ರೂ ಕೂತ್ಕಣ್ಕ್. ನೀ ಹೋಗ್" ಎಂದು ಸಿಂಹಕ್ಕೆ ಇನ್ನಷ್ಟು ಒರಗಿಕೊಂಡರು.

ಪರದೆ ದಾಟಿದರೆ ಗವಿಯೂ ಇಲ್ಲ, ಬಾದಶಹನೂ ಇಲ್ಲ. ಬಿದಿರಿನ ಗೂಟ, ಗೋಣಿತಾಟು, ಅದರ ಮೇಲೆ ಮೆತ್ತಿದ ಪ್ಲಾಸ್ಟರಿನ ಬೆನ್ನು. ಸೀನಣ್ಣ ಅಕ್ಕಿ ಮೂಟೆಯ ಮೇಲೆ ಕೂರಿಸಿ ಗಂಜಿ ಬಡಿಸಿದ, ಮಿಡಿ ಉಪ್ಪಿನಕಾಯಿ ಹಾಕಿದ. ಆ ಗಂಜಿ ಅಮೃತವಾಗಿತ್ತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಆದರೆ ನಿಜ ಹೇಳಬೇಕಲ್ಲ: ಅಕ್ಕಿ ಹಳತು, ಉಪ್ಪು ಕಡಿಮೆ. ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಊರಿನಲ್ಲಿ ಮಳೆ ಬಂತಾ, ಹೊಳೆ ದಾಟಲು ಸಂಕ ಹಾಕಿದರಾ ಎಂದು ಕೇಳುತ್ತಲೇ ಇದ್ದ. ನಾನು ಊರು ಕಂಡು ಆರು ವರ್ಷವಾಗಿತ್ತು, ಅವನು ಕಂಡು ಏಳು. ಗೊತ್ತಿಲ್ಲದವಳು ಹೇಳುತ್ತ ಹೋದೆ, ಗೊತ್ತಿಲ್ಲದವನು ಕೇಳುತ್ತ ಹೋದ. ನಡುವೆ ಅವನ ಸಾಂಬಾರು ಬಾಯಿಗಿಟ್ಟೆ. ಅಲ್ಲಿ ಮತ್ತೆ ನನ್ನ ನಾಲಿಗೆ. "ಇದೆಂತ ಸೀನಣ್ಣ, ಸಾಂಬಾರಾ ಪಾನಕವಾ?" ಯಜಮಾನರು ಬೆಲ್ಲ ಸುರಿಯಲು ಹೇಳುತ್ತಾರೆಂದು ಅವನು ತಲೆ ಕೆರೆದುಕೊಂಡ. ಆಮೇಲೆ ರೋಷ ಬಂದವನ ಹಾಗೆ, "ನೀವೇ ಒಂದ್ ಮಾಡಿ ಕಾಣಿ" ಎಂದ.

ಹಾಗೆ ಹೇಳಿಸಿಕೊಂಡು ಸುಮ್ಮನೆ ಕೂರುವ ಜಾತಿ ನನ್ನದಲ್ಲ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕೊತ್ತಂಬರಿ, ಮೆಣಸು, ಮೆಂತೆ ಹುರಿದೆ. ತೆಂಗಿನಕಾಯಿ ಕೇಳಿದರೆ ಸೀನಣ್ಣ ತನ್ನ ಪೆಟ್ಟಿಗೆಯಿಂದ ಚೌತಿ ಹಬ್ಬಕ್ಕೆಂದು ಬಟ್ಟೆಯಲ್ಲಿ ಸುತ್ತಿಟ್ಟ, ಯಾರೋ ಊರಿನಿಂದ ತಂದುಕೊಟ್ಟ ಕಾಯಿ ತೆಗೆದು ಒಡೆದ. ರುಬ್ಬುವ ಕಲ್ಲಿಗೆ ಕೂತೆ. ಹೊರಗೆ ಗಿರಾಕಿಗಳು ಅರ್ಧ ಗಂಟೆ ಕಾದರು, ಒಬ್ಬನೂ ಗೊಣಗಲಿಲ್ಲ. ದುಬಾರಿ ಹೋಟೆಲಿನಲ್ಲಿ ಕಾಯುವುದನ್ನೂ ಜನ ಊಟದ ಜೊತೆ ಬರುವ ಪದಾರ್ಥ ಎಂದೇ ತಿಳಿಯುತ್ತಾರೆ. ಇಂಗಿನ ಒಗ್ಗರಣೆ ಬಿದ್ದಾಗ ಸೀನಣ್ಣ ಕಣ್ಣು ಮುಚ್ಚಿ ಮೂಗಿನಲ್ಲಿ ಎಳೆದುಕೊಂಡ. "ಯಾರಿಗೂ ಹೇಳ್ಬ್ಯಾಡಿ ಅಕ್ಕಾ. ಹೊರಗಿನವ್ರ್ ಒಲೆ ಮುಟ್ಟಿದ್ದ್ ಯಜಮಾನ್ರಿಗೆ ಗೊತ್ತಾರೆ ನನ್ನ ಕೆಲ್ಸ ಹೋತ್ತ್" ಎಂದು, ನಮ್ಮವರ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದ.

ಗೋಡೆಯಲ್ಲಿ ಪ್ಲಾಸ್ಟರಿನ ಒಂದು ಆನೆ ಇತ್ತು. ಅದರ ಕಣ್ಣಿಗೆ ತೂತು. ಸೀನಣ್ಣ ವಾಪಸು ಬಂದ ಮೇಲೆ ನಾನು ಒಳಗಿನಿಂದ ಆ ಕಣ್ಣಿಗೆ ಕಣ್ಣು ಹಚ್ಚಿದೆ. ನೀಲಿ ದೀಪದ ಕೆಳಗೆ ನಮ್ಮವರು ಒಬ್ಬರೇ ಕೂತಿದ್ದರು, ಎದುರಿಗೆ ನನ್ನ ಖಾಲಿ ಕುರ್ಚಿ. ಒಂದು ತುತ್ತು ತಿಂದರು. ನಿಲ್ಲಿಸಿದರು. ಇನ್ನೊಂದು ತಿಂದರು. ಆಮೇಲೆ ಕೈಯೆತ್ತಿ ಸಿಪಾಯಿಯನ್ನು ಕರೆದು ಇನ್ನೊಂದು ಬಟ್ಟಲು ಸಾಂಬಾರು ಹೇಳಿದರು. ಆಮೇಲೆ ಮತ್ತೊಂದು. ಅಲ್ಲಿ ಬಟ್ಟಲಿಗೆ ಬೇರೆ ದುಡ್ಡು. ಮನೆಯಲ್ಲಿ ಬಿಟ್ಟಿ ಸಿಗುವುದನ್ನು ಎರಡನೇ ಸಲ ಕೇಳದ ಮನುಷ್ಯ! ನಾನು ಆನೆಯೊಳಗೆ ನಿಂತು ಬಾಯಿಗೆ ಸೆರಗು ತುರುಕಿ ನಕ್ಕೆ.

ವಾಪಸು ಬಸ್ಸಿನಲ್ಲಿ ಅವರು, ವೈಜಾಪುರ ದಾಟಿದ ಮೇಲೆ, "ಎಂತ ಹೇಳ್, ಆ ಸಾಂಬಾರ್ ಇತ್ತಲೆ, ಹಾಂಗಿದ್ದ್ ನಾನ್ ಜನ್ಮದಗೆ ತಿಂದದ್ದಿಲ್ಲೆ" ಎಂದರು. ನಾನು ಕಿಟಕಿ ಕಡೆ ತಿರುಗಿದೆ. ಸೀನಣ್ಣನಿಗೆ ಮಾತು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ಹೇಳಿಬಿಟ್ಟರೆ ಹೊಗಳಿಕೆ ಅಲ್ಲಿಗೇ ನಿಂತು ಮತ್ತೆ 'ಆತ್ತ್' ಶುರುವಾಗುತ್ತದೆ ಎಂದು ನನಗೆ ಗೊತ್ತಿತ್ತು. ಮರುದಿನ ಅವರು ಕಮಲಾಬಾಯಿಯನ್ನೇ ನಿಲ್ಲಿಸಿ ಆ ಸಾಂಬಾರಿನ ವರ್ಣನೆ ಮಾಡಿದರು. ಅವಳು, "ಐಸ್‌ಕ್ರೀಮ್ ತಿಂದ್ರಿಲ್ಲೇನ್ರಿ ಅಕ್ಕಾ?" ಎಂದಳು. "ನೀವು ತಿಂದದ್ದೇ ಸಾಕು" ಎಂದೆ. ಅದು ಹೋದ ವಾರದ್ದೆಂಬ ಸಂಗತಿ ಹೇಳಲಿಲ್ಲ, ನಾನು ಅಷ್ಟು ಕೆಟ್ಟವಳಲ್ಲ. ಆಮೇಲೆ ಇಪ್ಪತ್ತೈದು ವರ್ಷ ಇದೇ ಕತೆ. ಯಾರು ಊಟಕ್ಕೆ ಕೂತರೂ, ನಾನು ಬಡಿಸಲು ನಿಂತಾಗ, "ಆ ಗವಿ ಹೋಟ್ಲಿನ ಸಾಂಬಾರ್ ಒಂದ್ ಇತ್ತ್ ಕಾಣಿ" ಎಂದು ನನಗೆ ಕೇಳುವ ಹಾಗೆ ಶುರು ಮಾಡುತ್ತಿದ್ದರು. ಒಳಗೊಳಗೇ ಬೀಗುತ್ತಿದ್ದೆ, ಎಂಥ ದಡ್ಡ ಮನುಷ್ಯನಪ್ಪ, ಅದೇ ಕೈ, ಅದೇ ಇಂಗು, ಸಿಂಹದ ಕುರ್ಚಿಯಲ್ಲಿ ಕೂತು ಆರು ಪಟ್ಟು ದುಡ್ಡು ಕೊಟ್ಟದ್ದಕ್ಕೆ ರುಚಿ ಆರು ಪಟ್ಟಾಯಿತು ಎಂದು. ಕೆಲವು ದಿನ ಸಿಟ್ಟೂ ಬರುತ್ತಿತ್ತು. ಆ ದಿನ ಉಪ್ಪು ಒಂದು ಚಿಟಿಕೆ ಹೆಚ್ಚು ಬೀಳುತ್ತಿತ್ತು. ಅವರು ಉಂಡು, 'ಆತ್ತ್' ಎನ್ನುತ್ತಿದ್ದರು.

ಆ ಗವಿ ಎರಡು ಮಳೆಗಾಲ ತಾಳಲಿಲ್ಲ, ಪ್ಲಾಸ್ಟರು ಕರಗಿ ಗೋಣಿ ಕಂಡಿತಂತೆ. ನಮ್ಮವರು ತೀರಿಕೊಂಡಾಗ, ಹದಿಮೂರನೆಯ ದಿನಕ್ಕೆ ಸೀನಣ್ಣ ಬಂದ. ಹಲ್ಲು ಹೋಗಿತ್ತು, ಗುರುತು ಸಿಕ್ಕಿದ್ದು ಮಾತಿನಿಂದ. ಊಟಕ್ಕೆ ಬಡಿಸುತ್ತ ನಾನು, ಪಾಪ, ಅವರಿಗೆ ಕೊನೆಯವರೆಗೂ ಆ ಸಾಂಬಾರು ಯಾರದೆಂದು ತಿಳಿಯಲೇ ಇಲ್ಲ ಸೀನಣ್ಣ, ಎಂದೆ. ಅವನು ನನ್ನ ಮುಖ ನೋಡಿದ. "ಎಂತ ಹೇಳ್ತ್ರಿ ಅಕ್ಕಾ? ತಟ್ಟಿ ಇಡುವತ್ತಿಗೇ ನಾನ್ ಕಿವಿಯಗೆ ಹೇಳಿದ್ನಲ್ಲ, ಇದ್ ಅಕ್ಕನ ಕೈಯ್ದ್, ಯಾರಿಗೂ ಹೇಳ್ಬ್ಯಾಡಿ ಅಂತ. ಹೇಳ್ದೆ ಇದ್ರೂ ಗೊತ್ತಾತಿತ್ತ್. ಒಂದ್ ತುತ್ತ್ ತಿಂದ್ ನನ್ನ ಕಂಡ್ ನೆಗಾಡಿರ್."

ಇಪ್ಪತ್ತೈದು ವರ್ಷ. ಅಡುಗೆಯವರನ್ನು ಹೊಗಳಬಾರದು, ಕಟ್ಟಳೆ ಮುರಿಯಬಾರದು, ಹೆಂಡತಿಗೆ ಹೇಳದೆಯೂ ಇರಬಾರದು. ಆ ಮನುಷ್ಯ ಸುಳ್ಳು ಗವಿಯ ಹೆಸರಿನಲ್ಲಿ ದಾರಿ ಮಾಡಿಕೊಂಡಿದ್ದರು. ನಾನು ಅದಕ್ಕೆ ಉಪ್ಪು ಹಾಕಿದೆ. ನೇರವಾಗಿ ಒಂದು ಸಲ ಹೇಳಿದ್ದರೆ ಅವರ ಗಂಟು ಏನು ಕರಗುತ್ತಿತ್ತೋ ಕಾಣೆ. ಸೀನಣ್ಣನಿಗೆ ಇನ್ನೊಂದು ಸೌಟು ಬಡಿಸಿ ಒಳಗೆ ಹೋದೆ, ಒಳಗೆ ಹೊಗೆ ಇತ್ತು.

ಇದನ್ನೆಲ್ಲ ಪೂರ್ವಾಳಿಗೆ ಮರಾಠಿಯಲ್ಲಿ ಹೇಳುವುದು ಹೇಗೆ? "ದೇ ಗ," ಕೊಡೇ, ಎಂದೆ ಅಷ್ಟೆ. ದುಡ್ಡು ಕೊಟ್ಟು ತಿಂದದ್ದಕ್ಕೆ ಮಾತ್ರ ಮನುಷ್ಯರು ಬಾಯಿಬಿಟ್ಟು ಚೆನ್ನಾಗಿದೆ ಎನ್ನುವುದಾದರೆ, ಅಷ್ಟು ದುಡ್ಡು ಗಿಟ್ಟುತ್ತದೆ. ಅಷ್ಟರಲ್ಲಿ ನಾವಿಕನ ಟೋಪಿ ಹಾಕಿದ ಮಾಣಿ ಬಂದು ನನ್ನ ಮುಂದೆಯೇ ಬಗ್ಗಿ, "ಆಜಿ, ಕ್ಯಾ ಲೇಂಗೇ ಆಪ್?" ಎಂದ. ಎಂಬತ್ತಮೂರು ವರ್ಷ ಕಾದ ಪ್ರಶ್ನೆ. ಪುಸ್ತಕದಲ್ಲಿ ನೂರು ಪದಾರ್ಥ, ಐಸ್‌ಕ್ರೀಮೇ ಹತ್ತು ನಮೂನೆ. ನನ್ನ ಬಾಯಿಯಿಂದ ಬಂದದ್ದು, "ಸಾಂಬಾರ್ ಹೈ ಕ್ಯಾ?"

ಇತ್ತು. ಬಂತು. ಬೆಲ್ಲ ಸುರಿದಿದ್ದರು. ಅಡುಗೆಮನೆಯ ಬಾಗಿಲು ಅಲ್ಲೇ ಹತ್ತು ಹೆಜ್ಜೆಯಲ್ಲಿ ಕಾಣುತ್ತಿತ್ತು. ನಾನು ಎದ್ದು ಹೋಗಲಿಲ್ಲ, ಗಿರಾಕಿಯ ಮರ್ಯಾದೆಯಿಂದ ಕೂತೇ ಇದ್ದೆ. ಅಜ್ಜಿ ಎಷ್ಟು ಗಂಭೀರ ಎಂದು ಪೂರ್ವಾ ಫೋಟೊ ತೆಗೆದಳು. ಗಾಂಭೀರ್ಯವೂ ಅಲ್ಲ ಮಣ್ಣೂ ಅಲ್ಲ, ಮಂಡಿನೋವು.